ಆಕ್ಷೇಪಣೆಯಲ್ಲಿ ನನ್ನ ಹೆಸರು

ಓಟಿನ ಹಕ್ಕು ಸಿಗುವ ಮೊದಲೇ ನಾನು ಓಟು ಕೇಳಲು ನಿಂತವಳು. ಆಗ ನಮಗೆ ಪಿಆರ್, ಅಂದರೆ ಕಾಯಂ ಇರಲು ಅನುಮತಿ, ಮಾತ್ರ ಆಗಿತ್ತು. ಸಿಡ್ನಿಯ ರೌಸ್ ಹಿಲ್‌ನಲ್ಲಿ, ನಮ್ಮ ಮನೆಯ ಹತ್ತಿರದ ಪ್ರೈಮರಿ ಸ್ಕೂಲಿನ ಗೇಟಿನ ಮುಂದೆ, ಸಂಸತ್ತಿನ ಚುನಾವಣೆಯ ಶನಿವಾರ ಬೆಳಿಗ್ಗೆ ಅಭ್ಯರ್ಥಿಯ ಮುಖವಿದ್ದ ಟೀ ಶರ್ಟು ಹಾಕಿಕೊಂಡು ನಿಂತಿದ್ದೆ. ಇಲ್ಲಿ ಓಟು ಹಾಕುವುದೆಂದರೆ ಅಭ್ಯರ್ಥಿಗಳಿಗೆ ಒಂದು, ಎರಡು ಎಂದು ನಂಬರ್ ಕೊಡುವುದು; ಯಾರ ಹೆಸರಿನ ಮುಂದೆ ಯಾವ ನಂಬರ್ ಬರೆಯಬೇಕು ಎಂದು ಅಚ್ಚು ಮಾಡಿದ್ದ ಚೀಟಿಗಳನ್ನು ಬಂದವರ ಕೈಗೆ ಕೊಡುವುದು ನನ್ನ ಕೆಲಸ. ಶಾಲೆಗೆ ಹಣ ಕೂಡಿಸಲು ಪೋಷಕರು ಸಾಸೇಜ್ ಸುಟ್ಟು ಮಾರುತ್ತಿದ್ದ ಹೊಗೆ ಗಾಳಿ ತಿರುಗಿದಾಗಲೆಲ್ಲ ಕಣ್ಣಿಗೆ ಬರುತ್ತಿತ್ತು. ಪಕ್ಕದಲ್ಲಿ ನಮ್ಮ ಚರ್ಚಿನ ಬಿಳಿಯ ಪಾಸ್ಟರ್, ಅದೇ ಟೀ ಶರ್ಟಿನಲ್ಲಿ. ಇಂಡಿಯನ್ ಕುಟುಂಬ ಯಾವುದಾದರೂ ಕಂಡರೆ ಅವರು ಒಂದು ಹೆಜ್ಜೆ ಹಿಂದೆ ಸರಿದು ನನ್ನನ್ನು ಮುಂದೆ ಬಿಡುತ್ತಿದ್ದರು. ನನಗೆ ಅದು ಗೌರವ ಅನ್ನಿಸಿತ್ತು.

ಆ ಚರ್ಚಿನ ಬಗ್ಗೆ ಹೇಳುವಾಗ ಒಳ್ಳೆಯದನ್ನು ಮೊದಲು ಹೇಳಬೇಕು. ಅದು ನಿಜವಾದ ಒಳ್ಳೆಯತನ. ಮಗಳು ಹುಟ್ಟಿದಾಗ ನನಗೆ ಸಿಸೇರಿಯನ್ ಆಗಿತ್ತು. ಅಮ್ಮ ತೀರಿಕೊಂಡು ಆಗಲೇ ಮೂರು ವರ್ಷ. ಗಂಡ ಗೋದಾಮುಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವನು; ಹೊಸ ಕೆಲಸ, ಅವನಿಗೆ ಸಿಕ್ಕಿದ್ದು ನಾಲ್ಕೇ ದಿನ ರಜೆ. ನಾವು ಆ ಚರ್ಚಿಗೆ ಹೋಗಲು ಶುರುಮಾಡಿ ಎರಡು ತಿಂಗಳೂ ಆಗಿರಲಿಲ್ಲ. ಆದರೂ ಮೂರು ವಾರ, ಒಂದು ದಿನವೂ ತಪ್ಪದಂತೆ, ಸಂಜೆ ಐದಕ್ಕೆ ಯಾರಾದರೊಬ್ಬರು ಊಟ ತಂದು ಬಾಗಿಲ ಹತ್ತಿರ ಇಟ್ಟು ಬೆಲ್ ಒತ್ತಿ ಹೋಗುತ್ತಿದ್ದರು. ಒಬ್ಬ ಆಂಟಿ ವಿಡಿಯೋ ನೋಡಿಕೊಂಡು ರಸಂ ಮಾಡಿ ತಂದಿದ್ದರು. ಹುಣಸೆಹಣ್ಣಿನ ಬದಲು ವಿನೆಗರ್ ಹಾಕಿದ್ದರು. ನಾನು ಅದನ್ನು ಅಳುತ್ತಾ ಕುಡಿದೆ, ರುಚಿಗಲ್ಲ. ಮಗುವಿನ ತೊಟ್ಟಿಲ ಮಂಚದ ಬಿಡಿಭಾಗಗಳನ್ನು ಪಾಸ್ಟರೇ ಬಂದು ನೆಲದ ಮೇಲೆ ಮೊಣಕಾಲೂರಿ ಜೋಡಿಸಿದರು. ಅವರ ಹೆಂಡತಿ ನನ್ನ ತಲೆ ಬಾಚಿದರು. ಐವತ್ತೈದರ ಹೆಂಗಸು, ಮಾತು ಕಡಿಮೆ. ಬೇಡ ಅಂದರೂ ಕೇಳದೆ, ಸಿಕ್ಕು ಬಿಡಿಸಿ ಜಡೆ ಹಾಕಲು ಹೋಗಿ, ಬರದೆ, ನಕ್ಕುಬಿಟ್ಟಿದ್ದರು.

ನಾನು ಗದಗ ಪಕ್ಕದ ಬೆಟಗೇರಿಯವಳು. ಅಪ್ಪ ಕನ್ನಡ ಶಾಲೆಯ ಮಾಸ್ತರರು. ಸಭಾಪಾಲಕರು ಬರದ ಭಾನುವಾರ ಚರ್ಚಿನಲ್ಲಿ ನಿಂತು ಪ್ರಸಂಗ ಮಾಡುತ್ತಿದ್ದವರೂ ಅವರೇ. ಕ್ಲಾಸಿನಲ್ಲಿ ಕ್ರೈಸ್ತರೆಂದರೆ ನಾನು ಮತ್ತು ಇನ್ನೊಬ್ಬಳು. ಯಾರೂ ಹೊಡೆದಿಲ್ಲ, ಬೈದಿಲ್ಲ. ಆದರೆ ಹೊಸ ಟೀಚರು ಬಂದಾಗಲೆಲ್ಲ ನನ್ನ ಹೆಸರು ಕೇಳಿ ಒಂದು ಕ್ಷಣ ತಲೆಯೆತ್ತಿ ನೋಡುತ್ತಿದ್ದರು. ಆ ಒಂದು ಕ್ಷಣಕ್ಕೆ ನಾನು ಯಾವಾಗಲೂ ತಯಾರಾಗಿ ಕೂತಿರುತ್ತಿದ್ದೆ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುವಾಗಲೂ, ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗಲೂ ಅದೇ.

ಸಿಡ್ನಿಗೆ ಬಂದ ಮೇಲೆ ಆ ತಯಾರಿ ಬೇಕಾಗಲಿಲ್ಲ. ಬಣ್ಣಕ್ಕೆ, ಉಚ್ಚಾರಕ್ಕೆ ಬೇರೆ ತಯಾರಿ ಬೇಕಿತ್ತು, ಅದಿರಲಿ. ಕ್ರಿಸ್‌ಮಸ್ಸಿಗೆ ಇಡೀ ದೇಶಕ್ಕೇ ರಜೆ. ಗುಡ್ ಫ್ರೈಡೇ ದಿನ ಅಂಗಡಿಗಳ ಬಾಗಿಲು ಮುಚ್ಚಿರುತ್ತಿತ್ತು. ಜೀವನದಲ್ಲಿ ಮೊದಲ ಸಲ ನಾನು ಹೆಚ್ಚು ಜನ ಇರುವ ಕಡೆ ಇದ್ದೆ. ಆ ಸುಖ ಸಣ್ಣದಲ್ಲ. ಮುಂದೆ ನಡೆದದ್ದರಲ್ಲಿ ಅದರ ಪಾಲೂ ಇದೆ.

ಬೆಟಗೇರಿಯಲ್ಲಿ ನಾವೂ ಆಳುವವರಿಗಾಗಿ ಪ್ರಾರ್ಥನೆ ಮಾಡುತ್ತಿದ್ದೆವು. ಅಪ್ಪ ರಾಷ್ಟ್ರಪತಿಯಿಂದ ಶುರುಮಾಡಿ ತಹಶೀಲ್ದಾರರ ತನಕ ಇಳಿಯುತ್ತಿದ್ದರು. ಯಾರು ಆ ಕುರ್ಚಿಯಲ್ಲಿದ್ದರೂ ಸರಿ, ಅವರಿಗೆ ಬುದ್ಧಿ ಕೊಡು ಅಂತ. ರೌಸ್ ಹಿಲ್‌ನ ಪ್ರಾರ್ಥನೆಯೂ ಮೊದಮೊದಲು ಹಾಗೇ ಇತ್ತು. ಆಮೇಲೆ ನಿಧಾನವಾಗಿ ಕುರ್ಚಿಯಲ್ಲಿ ಯಾರು ಕೂರಬೇಕು ಅನ್ನುವುದೂ ಪ್ರಾರ್ಥನೆಯೊಳಗೆ ಬಂತು. ಒಂದು ಭಾನುವಾರ ಆ ಅಭ್ಯರ್ಥಿಯನ್ನೇ ವೇದಿಕೆಗೆ ಕರೆದರು. ಹಿರಿಯರು ಸುತ್ತ ನಿಂತು ಅವನ ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನಮ್ಮ ಮೇಲೆ ದಾಳಿ ನಡೆಯುತ್ತಿದೆ, ನಮ್ಮ ಕುಟುಂಬಗಳನ್ನು, ನಮ್ಮ ನಂಬಿಕೆಯನ್ನು ಉಳಿಸುವವರು ಬೇಕು, ಎಂದು ಪಾಸ್ಟರ್ ಪ್ರಸಂಗದಲ್ಲಿ ಹೇಳಿದರು. ಹೊರಗೆ ಬಂದಾಗ ಕಾರ್ ಪಾರ್ಕಿಂಗಿನಲ್ಲಿ ಜಾಗವಿಲ್ಲದಷ್ಟು ಕಾರು. ಮಕ್ಕಳು ಹುಲ್ಲಿನ ಮೇಲೆ ಓಡುತ್ತಿದ್ದರು. ಯಾರ ದಾಳಿ ಅಂತ ನಾನು ಗಂಡನನ್ನು ಕೇಳಿದೆ. "ಸುಮ್ನಿರು, ಕೇಳಿಸ್ತದ," ಅಂದ.

ಅಭ್ಯರ್ಥಿ ಗೆದ್ದ. ಮುಂದಿನ ಭಾನುವಾರ ಚರ್ಚಿನಲ್ಲಿ ಕೇಕ್ ಕತ್ತರಿಸಿದರು. ನಾನೂ ಚಪ್ಪಾಳೆ ತಟ್ಟಿದೆ.

ಅದಾದ ಏಳೆಂಟು ತಿಂಗಳಿಗೆ ದೇವಸ್ಥಾನದ ವಿಷಯ ಬಂತು. ನಮ್ಮ ಸಬರ್ಬಿನ ಅಂಚಿನಲ್ಲಿ ಹಿಂದೆ ಗಿಡ ಮಾರುತ್ತಿದ್ದ ನರ್ಸರಿಯ ದೊಡ್ಡ ಶೆಡ್ ಒಂದು ಖಾಲಿ ಬಿದ್ದಿತ್ತು. ಬೆಂಗಳೂರು, ಮೈಸೂರಿನ ಕಡೆಯ ಕೆಲವು ಕುಟುಂಬಗಳು ಶನಿವಾರ ಯಾವುದೋ ಹಾಲ್ ಬುಕ್ ಮಾಡಿ ಭಜನೆ ಮಾಡುತ್ತಿದ್ದವು. ಅವರು ಸೇರಿ ಆ ಶೆಡ್ಡನ್ನು ದೇವಸ್ಥಾನ ಮಾಡಲು ಕೌನ್ಸಿಲ್ಲಿಗೆ, ಅಂದರೆ ಇಲ್ಲಿಯ ಮುನ್ಸಿಪಾಲ್ಟಿಗೆ, ಅರ್ಜಿ ಹಾಕಿದರು. ಅವರ ಕಮಿಟಿಯಲ್ಲಿ ನಮ್ಮ ಎದುರುಮನೆಯಾಕೆ ಇದ್ದರು. ಮೈಸೂರಿನವರು, ಬ್ಯಾಂಕಿನಲ್ಲಿ ಐಟಿ ಕೆಲಸ. ನಾನು ವೃದ್ಧರ ಕೇರ್ ಹೋಮಿನಲ್ಲಿ ನರ್ಸು. ಶಿಫ್ಟ್ ತಡವಾದ ದಿನ ನನ್ನ ಮಗಳನ್ನು ಚೈಲ್ಡ್‌ಕೇರಿನಿಂದ ಕರೆದುಕೊಂಡು ಬರುತ್ತಿದ್ದವರು ಅವರೇ. ಅವರ ಹಿತ್ತಲಿನ ಕರಿಬೇವು ಅರ್ಧ ನಮ್ಮ ಮನೆಗೇ ಬರುತ್ತಿತ್ತು.

ಚರ್ಚಿನಲ್ಲಿ ಆ ಅರ್ಜಿಯ ವಿರುದ್ಧ ಆಕ್ಷೇಪಣೆ ಬರೆಯುವ ಕೆಲಸ ಶುರುವಾಯಿತು. ಚುನಾವಣೆ ಗೆದ್ದಿದ್ದ ಅಭ್ಯರ್ಥಿ ಕೂಡ ಅದನ್ನು ಕೈಗೆತ್ತಿಕೊಂಡು, ಸಬರ್ಬಿನ ಸ್ವರೂಪವೇ ಕೆಡುತ್ತದೆ ಎಂದು ಫೇಸ್‌ಬುಕ್ಕಿನಲ್ಲಿ ಹಾಕಿದ. ಆರಾಧನೆ ಮುಗಿದು ಚಹಾ ಕುಡಿಯುವಾಗ ಪಾಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು.

"ನೀನೂ ಒಂದು ಬರೆದರೆ ಬಹಳ ಉಪಯೋಗ ಆಗುತ್ತೆ," ಅಂದರು. "ನಾವು ಬರೆದರೆ ರೇಸಿಸಂ ಅಂತಾರೆ. ನಿನ್ನ ಹೆಸರಿದ್ದರೆ ಹಾಗೆ ಅನ್ನೋಕೆ ಆಗಲ್ಲ."

"ಏನಂತ ಬರೀಬೇಕು?"

"ಟ್ರಾಫಿಕ್, ಪಾರ್ಕಿಂಗ್, ಶಬ್ದ. ಅಷ್ಟೇ. ಅವರ ದೇವರ ಬಗ್ಗೆ ಒಂದು ಮಾತೂ ಬೇಡ. ನಾವು ಅಂಥವರಲ್ಲ."

ಅವರ ಹೆಂಡತಿ ಲ್ಯಾಪ್‌ಟಾಪ್ ತೆರೆದುಕೊಂಡು ಚರ್ಚಿನ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತಿದ್ದರು. ಕೌನ್ಸಿಲ್ಲಿನ ಫಾರಂನಲ್ಲಿ ಮಾತುಗಳೆಲ್ಲ ಮೊದಲೇ ತುಂಬಿದ್ದವು. ನಾನು ಹೆಸರು, ವಿಳಾಸ ಹಾಕಿ ಬಟನ್ ಒತ್ತಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ತಲೆ ಬಾಚಿದ ಆ ಕೈಗಳ ಮುಂದೆ ನಿಂತು ಆಗಲ್ಲ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಅಪ್ಪನ ಫೋನ್ ಬಂತು. ಅಲ್ಲಿ ಇನ್ನೂ ಬೆಳಿಗ್ಗೆ. ಆರಾಧನೆಗೆ ಹೋಗಲು ಇಸ್ತ್ರಿ ಅಂಗಿ ಹಾಕಿಕೊಂಡು, ನನ್ನ ತಮ್ಮನ ಮಕ್ಕಳು ತಯಾರಾಗುವುದನ್ನು ಕಾಯುತ್ತಾ ಕೂತಿರುತ್ತಾರೆ. ಆ ಹೊತ್ತು ನನಗೆ ಅಂತಲೇ ಇರುತ್ತದೆ.

"ಏನ್ ವಿಶೇಷ ಐತಿ ನಿಮ್ಮ ಕಡೆ?" ಅಂದರು.

"ಏನಿಲ್ಲಪ್ಪಾ. ಇಲ್ಲೊಂದು ದೇವಾಲಯ ಕಟ್ತೀವಿ ಅಂತ ಅರ್ಜಿ ಹಾಕ್ಯಾರ. ಅದರ ಮ್ಯಾಲೆ ಸ್ವಲ್ಪ ಗದ್ದಲ ನಡದೈತಿ."

ನಮ್ಮ ಮನೆಯಲ್ಲಿ ಚರ್ಚಿಗೂ ದೇವಾಲಯ ಅನ್ನುವುದೇ ರೂಢಿ. ಅಪ್ಪ ತಟ್ಟನೆ ನೆಟ್ಟಗೆ ಕೂತದ್ದು ಅವರ ದನಿಯಲ್ಲೇ ಗೊತ್ತಾಯಿತು.

"ಯಾರು ಬ್ಯಾಡ ಅನ್ನಾಕತ್ತಾರ? ಏನಂತ ತಕರಾರು?"

"ಗಾಡಿ ಬಾಳ ಬರ್ತಾವ, ಶಬ್ದ ಆಗ್ತದ ಅಂತ."

"ಅದ ಮಾತು! ಅಲ್ಲೂ ಅದ ಮಾತು!" ಅಪ್ಪ ನಕ್ಕರು. "ನಿನಗ ನೆನಪಿಲ್ಲ, ಸಣ್ಣಾಕಿದ್ದಿ. ನಮ್ಮ ಪ್ರಾರ್ಥನಾ ಮಂದಿರಕ್ಕ ಇದ ಬರದು ಕೊಟ್ಟಿದ್ರು ಮುನ್ಸಿಪಾಲ್ಟಿಗೆ. ಗಾಡಿ, ಗದ್ದಲ, ಮಕ್ಕಳ ಓದು ಕೆಡ್ತದ. ಇದ್ದದ್ದು ಮೂವತ್ತು ಮಂದಿ, ನಾಲ್ಕು ಸೈಕಲ್ಲು. ಎರಡು ವರ್ಷ ಅಡ್ಡಾಡಿಸಿದ್ರು. ಕಡೀಕ ಮಗ್ಗದ ಮನಿ ಯಜಮಾನ ಬಂದು, ಮಗ್ಗುಲ ಮನಿ ನಂದು, ನನಗೇನೂ ತ್ರಾಸಿಲ್ಲ ಅಂತ ಸಹಿ ಮಾಡಿಕೊಟ್ಟ. ಅವಂಗೂ ನಮಗೂ ಏನೂ ಸಂಬಂಧ ಇರಲಿಲ್ಲ. ಅದಿರಲಿ, ನಿಮ್ಮದು ಯಾವ ಸಭಾದವರು ಕಟ್ಟೋದು?"

ನಾನು ಫೋನನ್ನು ಕಿವಿಯಿಂದ ಕಿವಿಗೆ ಬದಲಾಯಿಸಿದೆ.

"ನಮ್ಮ ದೇವಾಲಯ ಅಲ್ಲಪ್ಪಾ. ಹಿಂದೂ ದೇವಸ್ಥಾನ."

ಅಪ್ಪ ಮೆತ್ತಗೆ ಕೇಳಿದರು. "ಹಂಗಾದ್ರ ತಕರಾರು ಮಾಡಿದವರು ನಮ್ಮವರೇನು?"

"ಹೌದು."

"ನೀನು?"

"ನಾನೂ."

ಬೈಯುತ್ತಾರೆ ಅಂದುಕೊಂಡೆ. "ಊಟ ಆತೇನವಾ?" ಅಂದರು. ಆಗಿದೆ ಅಂದೆ. ಅಷ್ಟರಲ್ಲಿ ಅಲ್ಲಿ ಯಾರೋ ಹೊರಡೋಣ ಎಂದು ಕರೆದರು.

ಆಕ್ಷೇಪಣೆಗಳನ್ನೆಲ್ಲ ಹೆಸರಿನ ಸಮೇತ ಕೌನ್ಸಿಲ್ಲಿನ ವೆಬ್‌ಸೈಟಿನಲ್ಲಿ ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ. ಎದುರುಮನೆಯಾಕೆಗೆ ಗೊತ್ತಿತ್ತು. ಆ ವಾರ ಒಂದು ದಿನ ನನ್ನ ಶಿಫ್ಟ್ ತಡವಾಯಿತು. ಎಂದಿನಂತೆ ಮಗಳನ್ನು ಅವರೇ ಕರೆದುಕೊಂಡು ಬಂದು, ತಿಂಡಿ ತಿನ್ನಿಸಿ, ನಾನು ಬಂದ ಮೇಲೆ ಕೈಹಿಡಿದು ರಸ್ತೆ ದಾಟಿಸಿ ಬಿಟ್ಟರು. ಮಗಳು ಬ್ಯಾಗ್ ಎಸೆದು ಒಳಗೆ ಓಡಿದಳು. ಅವರು ಬಾಗಿಲಲ್ಲೇ ನಿಂತರು.

"ನಿಮ್ಮ ಹೆಸರು ನೋಡಿದೆ," ಅಂದರು.

ನಾನು ಬಗ್ಗಿ ಮಗಳ ಬ್ಯಾಗ್ ಎತ್ತಿಕೊಂಡೆ.

"ನೂರಾರು ಜನ ಬರ್ದಿದಾರೆ. ಮಿಕ್ಕವ್ರದ್ದು ಓದಿದಾಗ ಏನೂ ಅನ್ನಿಸ್ಲಿಲ್ಲ ನಂಗೆ. ಒಂದ್ ಮಾತು ಕೇಳ್ಲಾ? ಊರಲ್ಲಿ ನಮ್ಮವರು ನಿಮ್ಮ ಚರ್ಚುಗಳಿಗೆ ಹೀಗೇ ತೊಂದ್ರೆ ಕೊಡ್ತಾರೆ ಅಂತ ನಂಗೂ ಗೊತ್ತು. ಅದಕ್ಕೇ ಬರೆದ್ರಾ?"

"ಅಲ್ಲ," ಅಂದೆ. ಅಂದ ಮೇಲೆ ಅದು ಪೂರ್ತಿ ನಿಜವೋ ಅಲ್ಲವೋ ಅನ್ನಿಸಿತು. "ಗೊತ್ತಿಲ್ಲ ರೀ. ಪಾಸ್ಟರ್ ಕೇಳಿದರು. ಬರೆದೆ."

"ಓದಿ ಬರೆದ್ರಾ?"

"ಇಲ್ಲ."

ಅವರು ತಲೆಯಾಡಿಸಿದರು. "ನಾಳೆನೂ ತಡ ಆದ್ರೆ ಮೆಸೇಜ್ ಮಾಡಿ, ಮಗೂನ ಕರ್ಕೊಂಡ್ ಬರ್ತೀನಿ. ಮಗೂಗೆ ಇದೆಲ್ಲ ಯಾಕೆ," ಎಂದು ರಸ್ತೆ ದಾಟಿ ಹೋದರು. ಮರುದಿನ ನಾನು ಮೆಸೇಜ್ ಮಾಡಲಿಲ್ಲ. ಕೆಲಸದಿಂದ ಬೇಗ ಹೊರಟು ನಾನೇ ಹೋದೆ.

ಎರಡು ದಿನ ಯೋಚಿಸಿದೆ. ಅವರ ಪ್ರಶ್ನೆಯೇ ತಲೆಯಲ್ಲಿತ್ತು. ಶಾಲೆಯಲ್ಲಿ ತಲೆಯೆತ್ತಿ ನೋಡುತ್ತಿದ್ದ ಟೀಚರುಗಳು, ಹೆಸರು ಕೇಳಿ ಮನೆ ಖಾಲಿಯಿಲ್ಲ ಅಂದ ಬೆಂಗಳೂರಿನ ಓನರು, ಅವರಿಗೆಲ್ಲ ಸೇರಿಸಿ ಆ ಬಟನ್ ಒತ್ತಿದೆನೇ? ಸ್ವಲ್ಪ ಇರಬಹುದು. ಆದರೆ ಹೆಚ್ಚಿನ ಪಾಲು ಬೇರೆಯೇ ಇತ್ತು. ಇಲ್ಲಿ ನಾನು ದೊಡ್ಡ ಗುಂಪಿನವಳು. ಗುಂಪು ಕೇಳಿದ್ದನ್ನು ಕೊಟ್ಟರೆ ಅದರೊಳಗೇ ಇರುತ್ತೇನೆ. ಅಷ್ಟೇ. ದೇವರಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಆಕ್ಷೇಪಣೆ ವಾಪಸ್ ತಗೊಳ್ಳುತ್ತೇನೆ ಎಂದು ಕೌನ್ಸಿಲ್ಲಿಗೆ ಈಮೇಲ್ ಕಳಿಸಿದೆ. ಗಂಡನಿಗೆ ಹೇಳಿದಾಗ ಅವನು ಸ್ವಲ್ಪ ಹೆದರಿದ. "ನಾಳೆ ಏನಾರ ಬೇಕಾದ್ರ ಯಾರನ್ನ ಕೇಳ್ತಿ?" ಅಂದ. ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಈ ದೇಶದಲ್ಲಿ ನಮಗೆ ಜ್ವರ ಬಂದರೆ ಫೋನ್ ಮಾಡಬಹುದಾದ ನಂಬರುಗಳೆಲ್ಲ ಆ ಚರ್ಚಿನವೇ.

ಅರ್ಜಿಯ ಮೇಲೆ ಕೌನ್ಸಿಲ್ ಕರೆದ ಸಭೆಯಲ್ಲಿ ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದಿತ್ತು. ನಾನು ಹೆಸರು ಕೊಟ್ಟೆ. ಯೂನಿಫಾರಂ ಬದಲಾಯಿಸಲೂ ಹೊತ್ತಿಲ್ಲದೆ ಕೆಲಸದಿಂದ ನೇರ ಹೋದೆ. ಹಾಲ್ ತುಂಬಿತ್ತು. ಒಂದು ಕಡೆ ಭಜನೆಯ ಕುಟುಂಬಗಳು, ಇನ್ನೊಂದು ಕಡೆ ಚರ್ಚಿನವರು. ಎಲ್ಲಿ ಕೂರಬೇಕೋ ತಿಳಿಯದೆ ಹಿಂದೆ ಬಾಗಿಲ ಹತ್ತಿರ ನಿಂತೆ. ಹೆಸರು ಕರೆದಾಗ ಮೈಕಿನ ಮುಂದೆ ಹೋಗಿ ಇಷ್ಟು ಹೇಳಿದೆ. ನಾನು ಟ್ರಾಫಿಕ್ ಬಗ್ಗೆ ಆಕ್ಷೇಪಣೆ ಕಳಿಸಿದ್ದೆ. ಆ ರಸ್ತೆಯಲ್ಲಿ ಟ್ರಾಫಿಕ್ ಎಷ್ಟಿದೆ ಎಂದು ನಾನು ನೋಡಿಲ್ಲ. ಬರೆದದ್ದನ್ನು ಓದಿಯೂ ಇರಲಿಲ್ಲ. ಅದನ್ನು ವಾಪಸ್ ತಗೊಂಡಿದ್ದೇನೆ. ನನ್ನ ಅಪ್ಪನ ಪ್ರಾರ್ಥನಾ ಮಂದಿರಕ್ಕೂ ಹಿಂದೆ ಇಂಥದ್ದೇ ಕಾಗದ ಹೋಗಿತ್ತು. ಅದು ಎಂಥ ಕಾಗದ ಅಂತ ನನಗೆ ಗೊತ್ತಿರಬೇಕಿತ್ತು.

ಒಂದು ನಿಮಿಷದಲ್ಲಿ ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೂರನೆಯ ಸಾಲಿನಲ್ಲಿದ್ದ ಪಾಸ್ಟರ್ ನನ್ನನ್ನು ನೋಡಿದರು. ಕೋಪವಿರಲಿಲ್ಲ. ಹುಷಾರಿಲ್ಲದ ಮಗುವನ್ನು ನೋಡುವ ಹಾಗೆ ನೋಡಿದರು. ಅದು ನನಗೆ ಕೋಪಕ್ಕಿಂತ ಹೆಚ್ಚು ನೋವು ಮಾಡಿತು.

ಆ ವಾರ ಅವರು ಕಾಫಿಗೆ ಕರೆದರು. ಶಾಪಿಂಗ್ ಸೆಂಟರಿನ ಕೆಫೆಯಲ್ಲಿ ಎದುರಾಬದುರು ಕೂತೆವು.

"ನೀನು ದಣಿದಿದ್ದೀಯ," ಅಂದರು. "ಕೆಲಸ, ಮಗು. ನನಗೆ ಅರ್ಥವಾಗುತ್ತೆ."

"ದಣಿವಿಗೆ ಮಾಡಿದ್ದಲ್ಲ."

"ನಿನಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕು. ನಿಮ್ಮೂರಲ್ಲಿ ನಮ್ಮವರ ಕೈಯಲ್ಲಿ ಅಧಿಕಾರ ಇಲ್ಲ, ಅದಕ್ಕೇ ಕಷ್ಟಪಡ್ತಾರೆ. ಇಲ್ಲಿ ಹಾಗಾಗಬಾರದು ಅಂತಲೇ ನಾವು ಇಷ್ಟೆಲ್ಲ ಮಾಡ್ತಿರೋದು."

"ಅಧಿಕಾರ ಬಂತಲ್ಲ," ಅಂದೆ. "ಬಂದ ಮೇಲೆ ನಾವು ಮೊದಲು ಮಾಡಿದ ಕೆಲಸ ಇದು."

ಅವರು ಕಪ್ಪಿನೊಳಗೆ ಚಮಚ ತಿರುಗಿಸುತ್ತಾ ಕೂತರು. ಆಮೇಲೆ, ದೊಡ್ಡ ಕೆಲಸದಲ್ಲಿ ಸಣ್ಣಪುಟ್ಟ ತಪ್ಪಾಗುತ್ತೆ, ಗುರಿ ನೋಡಬೇಕು, ಅಂದರು. ಮಗಳು ಹೇಗಿದ್ದಾಳೆಂದು ಕೇಳಿದರು. ಇಬ್ಬರೂ ಒಳ್ಳೆಯ ಮಾತಾಡಿಯೇ ಎದ್ದೆವು.

ಚರ್ಚಿನಿಂದ ನಮ್ಮನ್ನು ಯಾರೂ ಹೊರಗೆ ಹಾಕಲಿಲ್ಲ. ಆರಾಧನೆ ಮುಗಿದ ಮೇಲೆ ಕಾಫಿ ಕೊಡುವವರ ಪಟ್ಟಿಯಲ್ಲಿ ನನ್ನ ಹೆಸರು ಬರುವುದು ನಿಂತಿತು. ಮಗಳ ಹುಟ್ಟುಹಬ್ಬಕ್ಕೆ ಕರೆದವರಲ್ಲಿ ಅರ್ಧ ಜನಕ್ಕೆ ಬೇರೆ ಕೆಲಸವಿತ್ತು. ಆರಾಧನೆಯಲ್ಲಿ ಹಾಡಲು ನಿಂತರೆ ನನಗೆ ದನಿ ಏಳುತ್ತಿರಲಿಲ್ಲ. ವೇದಿಕೆಯ ಮೇಲೆ ದೊಡ್ಡ ಪರದೆಯಲ್ಲಿ ಹಾಡಿನ ಸಾಲುಗಳು ಬರುತ್ತಿದ್ದವು. ಅಭ್ಯರ್ಥಿಯನ್ನು ಕರೆದ ಭಾನುವಾರ ಅದೇ ಪರದೆಯ ಮೇಲೆ ಅವನ ಮುಖವನ್ನೂ ನೋಡಿದ್ದೆ. ಕಣ್ಣು ಮುಚ್ಚಿದರೂ ಎರಡೂ ಒಟ್ಟಿಗೇ ಬರುತ್ತಿದ್ದವು.

ದೇವಸ್ಥಾನಕ್ಕೆ ಅನುಮತಿ ಸಿಕ್ಕಿತು. ಇಷ್ಟೇ ಜನ, ಇಷ್ಟೇ ಕಾರು, ಹೊರಗೆ ಸ್ಪೀಕರ್ ಇಲ್ಲ ಎಂಬ ಷರತ್ತುಗಳ ಮೇಲೆ. ಉದ್ಘಾಟನೆಗೆ ಎದುರುಮನೆಯಾಕೆ ನಮ್ಮನ್ನೂ ಕರೆದರು. ಹೋದೆವು. ನಾನು ಹಿಂದೆ ಗೋಡೆಗೆ ಒರಗಿ ಕೂತೆ. ಮಗಳು ಪುಳಿಯೋಗರೆ ಎರಡು ಸಲ ಹಾಕಿಸಿಕೊಂಡಳು. ಆಕೆಯ ಜೊತೆ ಮಾತುಕತೆ ಮತ್ತೆ ಶುರುವಾಯಿತು. ಆದರೆ ಮೊದಲಿನ ಸಲಿಗೆ ಪೂರ್ತಿ ಬರಲಿಲ್ಲ. ತಪ್ಪು ನನ್ನದೇ ಆದ್ದರಿಂದ ಬೇಕು ಎಂದು ಕೇಳುವ ಹಾಗೂ ಇರಲಿಲ್ಲ.

ಮರುವರ್ಷ ಗಂಡನಿಗೆ ಮೆಲ್ಬರ್ನಿನ ಟ್ರುಗನಿನಾದ ಒಂದು ದೊಡ್ಡ ಗೋದಾಮಿನಲ್ಲಿ ಕೆಲಸವಾಯಿತು. ಹತ್ತಿರದ ವೆರಿಬೀಯಲ್ಲಿ ಮನೆ ಮಾಡಿದೆವು. ಸುಮಾರು ಒಂದು ವರ್ಷ ನಾನು ಯಾವ ಚರ್ಚಿನ ಬಾಗಿಲಿಗೂ ಹೋಗಲಿಲ್ಲ. ಭಾನುವಾರ ಬಟ್ಟೆ ಒಗೆಯುತ್ತಿದ್ದೆ, ಮಗಳನ್ನು ಈಜಲು ಕರೆದುಕೊಂಡು ಹೋಗುತ್ತಿದ್ದೆ. ಅಪ್ಪ ಫೋನಿನಲ್ಲಿ "ಇವತ್ತು ಎಲ್ಲಿಗೆ ಹೋಗಿದ್ರಿ?" ಎಂದು ಕೇಳಿದರೆ "ಸ್ವಿಮ್ಮಿಂಗಿಗೆ" ಅನ್ನುತ್ತಿದ್ದೆ. ಅವರು ಮುಂದೆ ಕೇಳುತ್ತಿರಲಿಲ್ಲ.

ಕೊನೆಗೆ ಇಲ್ಲಿ ನಾನು ಕೆಲಸಕ್ಕೆ ಸೇರಿದ್ದ ಕೇರ್ ಹೋಮಿನ ಒಬ್ಬ ಅಜ್ಜಿಗಾಗಿ ಮತ್ತೆ ಚರ್ಚಿಗೆ ಹೋದೆ. ಭಾನುವಾರ ಆಕೆಯನ್ನು ವ್ಹೀಲ್‌ಚೇರಿನಲ್ಲಿ ಕರೆದೊಯ್ಯಲು ಯಾರೂ ಇರಲಿಲ್ಲ. ಕಮ್ಯುನಿಟಿ ಹಾಲಿನಲ್ಲಿ ನಲವತ್ತು ಜನರ ಸಭೆ. ಬರ್ಮಾದಿಂದ, ಸುಡಾನಿನಿಂದ ಬಂದ ಕುಟುಂಬಗಳು, ಕೆಲವರು ಇಲ್ಲಿಯ ಮುದುಕಿಯರು. ಪಾಸ್ಟರ್ ಒಬ್ಬ ಹೆಂಗಸು. ಮೊದಲ ಕೆಲವು ವಾರ ಅಜ್ಜಿಯ ಪಕ್ಕದಲ್ಲಿ, ಬಂದದ್ದು ಡ್ಯೂಟಿಗೆ ಅನ್ನುವ ಹಾಗೆ ಕೂತಿದ್ದೆ. ಅಷ್ಟರಲ್ಲಿ ನನಗೆ ಸಿಟಿಜನ್‌ಶಿಪ್ ಆಗಿತ್ತು, ಚುನಾವಣೆಯೂ ಬಂತು. ಓಟಿನ ಹಿಂದಿನ ಭಾನುವಾರ ಪಾಸ್ಟರ್ ಪ್ರಕಟಣೆ ಓದಲು ಎದ್ದಾಗ ನಾನು ತಲೆ ತಗ್ಗಿಸಿ ಯಾರದಾದರೂ ಹೆಸರು ಬರುತ್ತದೆಂದು ಕಾದೆ. ಅವರು ಅಂದದ್ದು ಇಷ್ಟೇ. "ಶನಿವಾರ ಓಟಿದೆ. ಆರು ಗಂಟೆಗೆ ಮುಗಿಯುತ್ತೆ. ಹೋಗೋಕೆ ಕಾರಿಲ್ಲದವರು ನನಗೆ ಹೇಳಿ." ಆಮೇಲೆ ಯಾರದೋ ಮೊಣಕಾಲಿನ ಆಪರೇಷನ್ ವಿಷಯಕ್ಕೆ ಹೋದರು. ಆ ದಿನ ನಾನು ಹಾಡಿದೆ. ಪೂರ್ತಿಯಲ್ಲ, ಎರಡು ಸಾಲು.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಸಿಡ್ನಿಯಿಂದ ಪಾಸ್ಟರ್ ಹೆಂಡತಿಯ ಫೋನ್ ಬಂತು. ಅಷ್ಟು ವರ್ಷಗಳಲ್ಲಿ ಮೊದಲ ಸಲ. ಸ್ವಲ್ಪ ಹೊತ್ತು ಹವೆಯ ಬಗ್ಗೆ, ಮಗಳ ಶಾಲೆಯ ಬಗ್ಗೆ ಮಾತಾಡಿದರು. ಆಮೇಲೆ ಹೇಳಿದರು. ಅವರ ಚರ್ಚಿಗೆ ಬರುತ್ತಿದ್ದ ಒಂದು ಇರಾನಿ ಕುಟುಂಬಕ್ಕೆ ವೀಸಾ ಸಿಗಲಿಲ್ಲ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಅಂದು ಗೆದ್ದ ಆ ಅಭ್ಯರ್ಥಿಯಿಂದ ಒಂದು ಶಿಫಾರಸು ಕಾಗದ ಬರೆಸಿಕೊಡಿ ಎಂದು ಪಾಸ್ಟರ್ ಅವನ ಆಫೀಸಿಗೆ ಆರು ಸಲ ಹೋದರು. ಅವನು ಸಿಗಲಿಲ್ಲ. ಕೊನೆಗೆ ಅಲ್ಲಿಯ ಒಬ್ಬ ಹುಡುಗಿ, ಇದು ಈಗ ಒಳ್ಳೆಯ ವಿಷಯ ಅಲ್ಲ, ಚುನಾವಣೆ ಹತ್ತಿರ ಬಂದಿದೆ, ಅಂದಳಂತೆ.

"ಅವನು ನಮ್ಮವನು ಅಂದುಕೊಂಡಿದ್ವಿ," ಅಂದರು.

ನನಗೆ ಗೆದ್ದ ಭಾವ ಬರಲಿಲ್ಲ. ಬರಬಹುದೆಂದು ಒಂದು ಕ್ಷಣ ಕಾದೆ, ಬರಲಿಲ್ಲ. ಆ ಕುಟುಂಬ ಈಗ ಎಲ್ಲಿದೆ ಎಂದು ಕೇಳಿದೆ. ಅವರ ಮನೆಯ ಹಿಂದಿನ ರೂಮಿನಲ್ಲೇ ಇದ್ದಾರಂತೆ, ವಕೀಲರೊಬ್ಬರು ಪ್ರಯತ್ನ ಮಾಡುತ್ತಿದ್ದಾರಂತೆ.

"ಅವರು ಹೇಗಿದ್ದಾರೆ?" ಅಂದೆ, ಪಾಸ್ಟರ್ ಬಗ್ಗೆ.

"ಪ್ರಸಂಗ ಬರೀತಾ ಕೂರ್ತಾರೆ, ಹರೀತಾರೆ. ನಿನ್ನ ಹೆಸರು ಆ ಫಾರಂನಲ್ಲಿ ಹಾಕಿಸಬಾರದಿತ್ತು ಅಂತ ಹೋದ ವಾರ ಅಂದರು. ನಿನಗೆ ಹೇಳು ಅಂತ ಅವರು ಹೇಳಲಿಲ್ಲ, ನಾನೇ ಹೇಳ್ತಿದ್ದೀನಿ. ಲ್ಯಾಪ್‌ಟಾಪ್ ಹಿಡಿದಿದ್ದವಳು ನಾನಲ್ಲವಾ."

"ಬಟನ್ ಒತ್ತಿದ್ದು ನಾನು," ಅಂದೆ.

ಆಮೇಲೆ ಅವರು, ನನಗೋಸ್ಕರ ಒಂದು ಪ್ರಾರ್ಥನೆ ಮಾಡ್ತೀಯಾ, ಅಂದರು. ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡಲು ನನಗೆ ಇನ್ನೂ ಆಗುತ್ತಿರಲಿಲ್ಲ. ಆ ಮಾತುಗಳನ್ನೆಲ್ಲ ಪರದೆಯ ಮೇಲೆ ನೋಡಿಬಿಟ್ಟಿದ್ದೆ. ಕನ್ನಡದಲ್ಲಿ ಮಾಡಲಾ ಎಂದು ಕೇಳಿದೆ. ಮಾಡು ಅಂದರು.

ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು, ನಮ್ಮ ಬೆಟಗೇರಿಯ ಕನ್ನಡದಲ್ಲಿ, ಇರಾನಿ ಕುಟುಂಬದ ನಾಲ್ವರಿಗಾಗಿ, ಪಾಸ್ಟರಿಗಾಗಿ, ಫೋನಿನಲ್ಲಿ ಕೇಳುತ್ತಿದ್ದ ಅವರ ಹೆಂಡತಿಗಾಗಿ ಪ್ರಾರ್ಥಿಸಿದೆ. ಗೆದ್ದವನಿಗೂ ಬುದ್ಧಿ ಕೊಡು ಅಂದೆ. ಪಾಸ್ಟರ್ ಹೆಂಡತಿಗೆ ಒಂದು ಪದವೂ ಅರ್ಥವಾಗಿರಲಿಕ್ಕಿಲ್ಲ. ನಾನು ನಿಲ್ಲಿಸಿದ ಮೇಲೆ ಮುಗಿಯಿತೋ ಇಲ್ಲವೋ ತಿಳಿಯದೆ ಸ್ವಲ್ಪ ಹೊತ್ತು ಕಾದು, ಆಮೆನ್ ಅಂದರು.